ಮೂರು ವಾರದ ಜಾಝ್, ಎರಡು ಮಾತ್ರೆಯ ಕಾರ್ವೆ

ಹೋದ ವರ್ಷ ಕೆ.ಆರ್. ನಗರದಲ್ಲೊಂದು ಸನ್ಮಾನ ಸಮಾರಂಭ. ಹುಣಸೂರು ಕಡೆಯ ಹುಡುಗ, ಎಂಟು ವರ್ಷ ಮೃದಂಗ ಕಲಿತವನು, ಹೊರದೇಶದ ಒಂದು ಅಂತರರಾಷ್ಟ್ರೀಯ ಬೇಸಿಗೆ ಜಾಝ್ ಶಿಬಿರಕ್ಕೆ ಆಯ್ಕೆಯಾಗಿ ಮೂರು ವಾರ ಅಲ್ಲಿದ್ದು ಬಂದಿದ್ದ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ‘ನಮ್ಮ ಮೃದಂಗ ಇವತ್ತು ಇಂಟರ್‌ನ್ಯಾಷನಲ್ ಆಯಿತು’ ಎಂದರು ಭಾಷಣಕಾರರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಹುಡುಗನ ಮೇಲೆ ನನಗೆ ತಕರಾರಿಲ್ಲ. ಅವನ ಕೈ ಚೆನ್ನಾಗಿದೆ, ಕಷ್ಟಪಟ್ಟಿದ್ದಾನೆ. ನನ್ನ ತಕರಾರು ಶಿಬಿರ ಎಂಬುದರ ಕೀರ್ತಿಯ ಮೇಲೆ. ಎರಡು ಸಂಗೀತಗಳು ಅಲ್ಲಿ ‘ಸಂಗಮ’ವಾಗುತ್ತವೆ ಎಂಬ ಮಾತು ಈಗ ಎಷ್ಟು ಸಲೀಸಾಗಿ ಓಡಾಡುತ್ತಿದೆಯೆಂದರೆ, ಅದನ್ನು ತಡೆದು ನಿಲ್ಲಿಸಿ ಟಿಕೆಟ್ ಕೇಳುವವರೇ ಇಲ್ಲ.

ಇಂಥ ಶಿಬಿರಗಳ ಪರವಾಗಿ ವಾದಿಸುವವರು ಮೊದಲು ಹೇಳುವ ಹೆಸರು ಅಮೆರಿಕದ ಲೆನಾಕ್ಸ್. 1957ರಿಂದ 1960ರವರೆಗೆ ನಾಲ್ಕು ಬೇಸಿಗೆ ನಡೆದ ಆ ಜಾಝ್ ಶಾಲೆಗೆ 1959ರಲ್ಲಿ ವಿದ್ಯಾರ್ಥಿಯಾಗಿ ಬಂದವನು ಆರ್ನೆಟ್ ಕೋಲ್ಮನ್. ಅದೇ ನವೆಂಬರ್‌ನಲ್ಲಿ ಅವನು ನ್ಯೂಯಾರ್ಕಿನ ಫೈವ್ ಸ್ಪಾಟ್‌ನಲ್ಲಿ ನುಡಿಸಿ ಜಾಝ್ ಲೋಕವನ್ನೇ ಎರಡು ಬಣ ಮಾಡಿದ. ಶಿಬಿರವೇ ಅವನನ್ನು ರೂಪಿಸಿತು ಎಂದು ಬರೆಯುವವರು ಒಂದು ತಿಂಗಳನ್ನು ಮರೆಯುತ್ತಾರೆ. ‘ದಿ ಶೇಪ್ ಆಫ್ ಜಾಝ್ ಟು ಕಮ್’ ಧ್ವನಿಮುದ್ರಣವಾದದ್ದು ಅದೇ ವರ್ಷದ ಮೇನಲ್ಲಿ. ಲೆನಾಕ್ಸ್ ನಡೆದದ್ದು ಆಗಸ್ಟ್‌ನಲ್ಲಿ. ಹಣ್ಣಾಗಿ ಬಂದವನನ್ನು ಶಿಬಿರ ತಟ್ಟೆಯಲ್ಲಿಟ್ಟು ತೋರಿಸಿತು. ಅದೂ ದೊಡ್ಡ ಉಪಕಾರವೇ. ಪರಿಚಯ, ಪತ್ರ, ಮುಂದಿನ ಅವಕಾಶ ಇವೆಲ್ಲ ಶಿಬಿರದಿಂದ ಸಿಗುತ್ತವೆ. ಕೆನಡಾದ ಬ್ಯಾನ್ಫ್‌ನಲ್ಲಿ 1974ರಿಂದ ನಡೆದುಬಂದ ಕಾರ್ಯಾಗಾರದಿಂದಲೂ ಒಳ್ಳೆಯ ವಾದಕರು ಬಂದಿದ್ದಾರೆ. ಇಷ್ಟನ್ನು ಒಪ್ಪಿ ಮುಂದೆ ಹೋಗುತ್ತೇನೆ.

ಸನ್ಮಾನದ ಮರುವಾರ ಹುಡುಗ ಮನೆಗೆ ಬಂದ. ಅಲ್ಲಿ ಏನು ಹೇಳಿಕೊಟ್ಟೆ ಎಂದು ಕೇಳಿದೆ. ‘ಕೊನ್ನಕ್ಕೋಲು ಸರ್. ಎಲ್ಲರಿಗೂ ಅದೇ ಬೇಕು’ ಎಂದ. ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕಲೆ ಅದು. ಜಾಝ್ ಕಲಿಯುವವರಿಗೆ ನಮ್ಮಿಂದ ಬೇಕಾಗಿರುವುದು ಲೆಕ್ಕ: ತಿಸ್ರ, ಖಂಡ, ಮಿಶ್ರ, ಒಂದರ ಮೇಲೊಂದು ಹೂಡಿದ ಗಣಿತ. ಅವನು ಹೇಳಿಕೊಟ್ಟದ್ದು ಮೃದಂಗದ ಮೊದಲ ವರ್ಷದಲ್ಲೇ ಬರುವ ಸಣ್ಣ ಮುಕ್ತಾಯ. ‘ತದಿಗಿಣತೊಂ’ ಎಂದರೆ ಐದು ಮಾತ್ರೆ. ಅದನ್ನು ಮೂರು ಸಲ ಹೇಳಿ ನಡುವೆ ಎರಡೆರಡು ಮಾತ್ರೆ ಬಿಟ್ಟರೆ 5+2+5+2+5, ಒಟ್ಟು 19. ಆದಿತಾಳದ ಒಂದು ಆವರ್ತಕ್ಕೆ 32 ಮಾತ್ರೆ. 13 ಬಿಟ್ಟು, ಅಂದರೆ ನಾಲ್ಕನೆಯ ಅಕ್ಷರದ ಎರಡನೇ ಮಾತ್ರೆಯಿಂದ ಎತ್ತಿಕೊಂಡರೆ, ಮೂರನೆಯ ‘ತೊಂ’ ಆವರ್ತದ ಕೊನೆಯ ಮಾತ್ರೆಗೆ ಬಿದ್ದು ಅದರ ಬೆನ್ನಿಗೇ ಸಮ. ಶಿಬಿರದ ಹಲಗೆಯ ಮೇಲೆ ಇದನ್ನು ಪಾಶ್ಚಾತ್ಯ ಲಿಪಿಯಲ್ಲಿ ಬರೆದರಂತೆ. ಸರಿಯಾಗಿಯೇ ಬರೆದಿದ್ದಾರೆ. ಐದು ಸ್ವರಚಿಹ್ನೆ, ಆಮೇಲೆ ಎರಡು ಮಾತ್ರೆಗೆ ಒಂದು ವಿರಾಮಚಿಹ್ನೆ.

ಇಲ್ಲೇ ನನಗೆ ಮುಳ್ಳು ಚುಚ್ಚಿದ್ದು. ಆ ಎರಡು ಮಾತ್ರೆಗೆ ನಮ್ಮಲ್ಲಿ ಕಾರ್ವೆ ಎನ್ನುತ್ತೇವೆ. ಕಾರ್ವೆ ವಿರಾಮವಲ್ಲ. ‘ತೊಂ’ ಎಂದು ಎಡಗೈ ಬಿದ್ದಮೇಲೆ, ರವೆ ಕಲಸಿ ಹಚ್ಚಿದ ಆ ಚರ್ಮದಿಂದ ಎದ್ದ ನಾದ ಎರಡು ಮಾತ್ರೆಯ ಕಾಲ ಬದುಕಿರಬೇಕು. ಬಾಯಲ್ಲಿ ಹೇಳುವವನೂ ‘ತೊಂ’ಕಾರದ ಸೊನ್ನೆಯನ್ನು ಮೂಗಿನಲ್ಲಿ ಉಳಿಸಿಕೊಂಡಿರುತ್ತಾನೆ. ಮುಂದಿನ ‘ತ’ ಹುಟ್ಟುವುದು ಆ ನಾದ ಸವೆಯುತ್ತಿರುವ ಜಾಗದಲ್ಲಿ. ಹಾಗಾಗಿ ಮೂರು ‘ತದಿಗಿಣತೊಂ’ಗಳು ಮೂರು ತುಂಡಾಗುವುದಿಲ್ಲ, ಒಂದೇ ಉಸಿರಿನ ಮೂರು ಅಲೆಯಾಗುತ್ತವೆ. ಕಾಗದದ ಮೇಲೆ ವಿರಾಮಚಿಹ್ನೆ ಬರೆದ ಕ್ಷಣ ಆ ನಾದಕ್ಕೆ ಮರಣಪತ್ರ ಬರೆದಂತೆ. ಓದುವವನು ಐದು ಹೇಳಿ ಬಾಯಿ ಮುಚ್ಚುತ್ತಾನೆ, ಮನಸ್ಸಿನಲ್ಲಿ ಒಂದು ಎರಡು ಎಣಿಸುತ್ತಾನೆ, ಮತ್ತೆ ಐದು ಹೇಳುತ್ತಾನೆ. ಲೆಕ್ಕ ತಪ್ಪುವುದಿಲ್ಲ. ಸಮಕ್ಕೇ ಬಂದು ಬೀಳುತ್ತಾನೆ. ಆದರೆ ಅದು ಮುಕ್ತಾಯ ಆಗುವುದಿಲ್ಲ, ಚುಕ್ತಾ ಆಗುತ್ತದೆ.

ಇನ್ನೂ ಒಂದು ತಮಾಷೆ ಇದೆ. ಗುಂಪಿನಲ್ಲಿ ನುಡಿಸುವಾಗ ವಿರಾಮ ಎಂದರೆ ಇನ್ನೊಬ್ಬನಿಗೆ ಜಾಗ. ಶಿಬಿರದ ಕೊನೆಯ ದಿನದ ಕಚೇರಿಯ ವಿಡಿಯೋವನ್ನು ಹುಡುಗ ಮೊಬೈಲಿನಲ್ಲಿ ತೋರಿಸಿದ. ಪ್ರತಿ ಕಾರ್ವೆಯಲ್ಲೂ ಡ್ರಮ್ಸ್‌ನವನು ತಾಳದ ತಟ್ಟೆಗೆ ಒಂದೇಟು ಹಾಕುತ್ತಿದ್ದ, ಹೆಗ್ಗಡದೇವನಕೋಟೆಯ ಕೆಂಪು ಬಸ್ಸಿನಲ್ಲಿ ಖಾಲಿ ಸೀಟು ಕಂಡಾಗ ಕಿಟಕಿಯಿಂದಲೇ ಟವಲ್ ಎಸೆದಂತೆ. ‘ಅಲ್ಲಿ ಯಾಕಪ್ಪ ಬಡಿದ?’ ಎಂದೆ. ‘ಅದು ರೆಸ್ಟ್ ಅಲ್ವಾ ಸರ್’ ಎಂದ ಹುಡುಗ. ಎಂಟು ವರ್ಷ ಕಾರ್ವೆ ಎನ್ನುತ್ತಿದ್ದವನು ಮೂರು ವಾರದಲ್ಲಿ ರೆಸ್ಟ್ ಎನ್ನತೊಡಗಿದ್ದ. ಸಂಗಮದ ಫಲ ಇದು.

ಜಾಝ್‌ನವರಿಗೆ ಮೌನ ಗೊತ್ತಿಲ್ಲ ಎಂದು ನಾನು ಹೇಳುತ್ತಿಲ್ಲ. ಥೆಲೋನಿಯಸ್ ಮಾಂಕ್ ಪಿಯಾನೋದ ಮೇಲೆ ಬಿಟ್ಟ ಬಿಡುವುಗಳು ಅವನು ಒತ್ತಿದ ಮನೆಗಳಷ್ಟೇ ಮಾತಾಡುತ್ತವೆ. ಅವು ವಿರಾಮವಲ್ಲ, ಅವನದೇ ಬಗೆಯ ಕಾರ್ವೆ. ಅಂದರೆ ಶಿಬಿರ ನಮ್ಮ ಸಂಗೀತಕ್ಕೆ ಮಾತ್ರ ಮೋಸ ಮಾಡುವುದಿಲ್ಲ, ಜಾಝ್‌ಗೂ ಮಾಡುತ್ತದೆ. ಮೂರು ವಾರದಲ್ಲಿ ಪೆಟ್ಟಿಗೆಗೆ ತುಂಬಿಕೊಂಡು ಹೋಗಬಹುದಾದ್ದನ್ನು ಮಾತ್ರ ಅದು ಕಲಿಸಬಲ್ಲದು. ಲೆಕ್ಕ ಪೆಟ್ಟಿಗೆಗೆ ಹಿಡಿಸುತ್ತದೆ, ಬನಿ ಹಿಡಿಸುವುದಿಲ್ಲ.

ಇದಕ್ಕೆ ಎದುರಾಗಿ ಇಡಬೇಕಾದ ಕೃತಿ ನಮ್ಮ ಬೆಂಗಳೂರಿನವರದೇ ಇದೆ, ನಾವು ಅದನ್ನು ಮರೆತು ಕೂತಿದ್ದೇವೆ. ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ದಂಪತಿಯ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ಸೇರಿ ಮಾಡಿದ ‘ಜ್ಯೋತಿ’. 1983ರಲ್ಲಿ ಜರ್ಮನಿಯಲ್ಲಿ ಧ್ವನಿಮುದ್ರಣ, ಇಸಿಎಂ ಸಂಸ್ಥೆಯ ಬಿಡುಗಡೆ. ಫ್ಯೂಷನ್ ಎಂದಾಕ್ಷಣ ‘ಶಕ್ತಿ’ ತಂಡದ ಹೆಸರು ಹೇಳಿ ಮುಗಿಸುವ ನಮ್ಮ ಸಂಗೀತ ಲೇಖಕರು ಈ ಧ್ವನಿತಟ್ಟೆಯನ್ನು ಕೇಳಿಯೂ ಇರಲಾರರು ಎಂಬುದು ನನ್ನ ಗುಮಾನಿ.

ವಾದ್ಯಗಳ ಪಟ್ಟಿಯನ್ನೇ ನೋಡಿ. ರಮಾಮಣಿಯವರ ಗಾಯನ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ಮರಿಯಾನೋನ ಸ್ಯಾಕ್ಸೋಫೋನ್ ಮತ್ತು ಕೊಳಲು. ಪಿಯಾನೋ ಇಲ್ಲ, ಬಾಸ್ ಇಲ್ಲ, ಡ್ರಮ್ಸ್ ಇಲ್ಲ. ಜಾಝ್ ವಾದಕನೊಬ್ಬ ತನ್ನ ಮನೆಯ ಕಂಬಗಳನ್ನೆಲ್ಲ ಹೊರಗೆ ಬಿಟ್ಟು ಬೇರೆಯವರ ಜಗಲಿಯಲ್ಲಿ ಬಂದು ಕೂತಿದ್ದಾನೆ. ಮೊದಲ ತುಣುಕಿನಲ್ಲಿ ಅವನೇ ಇಲ್ಲ. ಅದು ಒಂಟಿ ದನಿ. ಆಮೇಲೆ ಬಂದಾಗಲೂ ಅವನ ಸ್ಯಾಕ್ಸೋಫೋನ್ ರಮಾಮಣಿಯವರ ದನಿಯ ಪಕ್ಕದಲ್ಲಿ, ಒಂದೇ ಸ್ವರಹಾದಿಯಲ್ಲಿ, ಅರ್ಧ ಹೆಜ್ಜೆಯ ವಿನಯದಲ್ಲಿ ನಡೆಯುತ್ತದೆ. ಘಟ, ಖಂಜಿರಗಳು ಕಾರ್ವೆ ಬಿಟ್ಟಾಗ ಅದಕ್ಕೆ ಟವಲ್ ಎಸೆಯುವ ಆತುರ ಇವನಿಗಿಲ್ಲ. ಚಾರ್ಲ್ಸ್ ಮಿಂಗಸ್‌ನ ತಂಡದಲ್ಲಿ ಕೂಗಿ ಅರಚಿ ಅಳಿಸಿದ ವಾದಕ ಈತ ಎಂದು ಗೊತ್ತಿದ್ದವರಿಗೆ ಈ ಸಂಯಮದ ಬೆಲೆ ತಿಳಿಯುತ್ತದೆ.

ಆ ಸಂಯಮ ಎಲ್ಲಿಂದ ಬಂತು? 1960ರ ದಶಕದಲ್ಲಿ ಮಲೇಶಿಯಾದಲ್ಲಿದ್ದಾಗ ಆತ ನಾಗಸ್ವರ ಕೇಳಿದ. ಮುಂದಿನ ದಶಕದಲ್ಲಿ ತಮಿಳುನಾಡಿಗೆ ಬಂದು ಕೂತು ಕಲಿತ. ‘ಜ್ಯೋತಿ’ ಆಗುವ ಹೊತ್ತಿಗೆ ಅವನಿಗೆ ಹತ್ತಿರ ಅರವತ್ತು. ನಾಗಸ್ವರದ ಸೀವಾಳಿ ಕಚ್ಚಿ ತುಟಿ ಹರಿದುಕೊಂಡವನಿಗೆ, ಸ್ಯಾಕ್ಸೋಫೋನಿನಲ್ಲಿ ಎಲ್ಲಿ ಊದಬಾರದು ಎಂಬುದು ತಿಳಿಯುತ್ತದೆ. ಕೊರತೆ ಇಲ್ಲವೇ? ಇದೆ. ಇಸಿಎಂನ ಧ್ವನಿಮುದ್ರಣಕ್ಕೆ ಹೆಸರಾದ ಗುಡಿಯೊಳಗಿನ ಪ್ರತಿಧ್ವನಿ ಚರ್ಮದ ಒಣ ಸದ್ದನ್ನು ಸ್ವಲ್ಪ ತಿಂದಿದೆ. ಅಷ್ಟು ಹೇಳಿದರೆ ಸಾಕು.

ಇನ್ನು ನಮ್ಮ ವಿಮರ್ಶಕರ ವಿಷಯ. ಒಂದು ಗುಂಪು ‘ಮನೋಧರ್ಮ ಅಂದರೆ ಇಂಪ್ರೊವೈಸೇಶನ್, ಆದ್ದರಿಂದ ಜಾಝ್ ಮತ್ತು ಕರ್ನಾಟಕ ಸಂಗೀತ ಅಕ್ಕತಂಗಿಯರು’ ಎನ್ನುತ್ತದೆ. ಈ ಸಮೀಕರಣ ಎಷ್ಟು ಲೇಖನಗಳ ಹೊಟ್ಟೆ ತುಂಬಿಸಿದೆಯೋ! ಆದಿತಾಳದಲ್ಲೂ 32 ಮಾತ್ರೆ, ಜಾಝ್ ಹಾಡಿನ ಚೌಕಟ್ಟಿನಲ್ಲೂ 32 ಬಾರ್ ಎಂದು ಕುಣಿದಾಡಿದವರನ್ನೂ ಕಂಡಿದ್ದೇನೆ. ವರ್ಷಕ್ಕೆ ಹನ್ನೆರಡು ತಿಂಗಳು, ಡಜನ್ನಿಗೆ ಹನ್ನೆರಡು ಬಾಳೆಹಣ್ಣು. ಆದ್ದರಿಂದ ಯುಗಾದಿಯೂ ರಸಬಾಳೆಯೂ ಒಂದೇ. ಜಾಝ್ ವಾದಕ ಸ್ವರಮೇಳಗಳ ಒಂದು ಚಕ್ರದ ಮೇಲೆ, ಅದು ಬದಲಾದಂತೆ ತಾನೂ ಬದಲಾಗುತ್ತ ಹೊಸದನ್ನು ಕಟ್ಟುತ್ತಾನೆ. ನೆರವಲು ಹಾಡುವವನಿಗೆ ಕಾಲೂರಲು ಇರುವುದು ಒಂದೇ ರಾಗ, ಸಾಹಿತ್ಯದ ಒಂದೇ ಸಾಲು. ಆ ಸಾಲಿನ ಅಕ್ಷರಗಳು ತಾಳದಲ್ಲಿ ತಮ್ಮ ತಮ್ಮ ಜಾಗ ಬಿಟ್ಟು ಕದಲುವಂತಿಲ್ಲ. ಒಬ್ಬನದು ಪ್ರಯಾಣ, ಇನ್ನೊಬ್ಬನದು ಬಾವಿ ತೋಡುವುದು. ಇಬ್ಬರೂ ಬೆವರುತ್ತಾರೆ ಎಂಬ ಕಾರಣಕ್ಕೆ ಕೆಲಸ ಒಂದೇ ಎನ್ನುವುದು ವಿಮರ್ಶೆಯ ಸೋಮಾರಿತನ.

ಎದುರು ಗುಂಪು ಮಡಿವಂತರದು. ಜಾಝ್ ಸೋಕಿದರೆ ಮೈಲಿಗೆ. ಪಿಟೀಲು ಎಲ್ಲಿಂದ ಬಂತು ಎಂದು ಇವರನ್ನು ಕೇಳಬಾರದು. ತಿರುಮಕೂಡಲಿನ ಚೌಡಯ್ಯನವರು ಅದೇ ಪರದೇಶಿ ಪಿಟೀಲಿಗೆ ಏಳು ತಂತಿ ಹಾಕಿದಾಗ ಇವರ ತಾತಂದಿರು ಏನೆಂದಿದ್ದರೋ. ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದವರು. ಅದನ್ನು ನಮ್ಮ ಗಮಕಕ್ಕೆ ಬಗ್ಗಿಸಲು ಅವರಿಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಕರ್ನಾಟಕ ಮೂಲದ ಮನೆತನದ, ಅಮೆರಿಕದಲ್ಲಿ ಬೆಳೆದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನಿಗೆ ಓದುವ ದಿನಗಳಲ್ಲಿ ಅಣ್ಣ ತಮಾಷೆಗೆಂದು ಕದ್ರಿಯವರ ತಟ್ಟೆಯೊಂದನ್ನು ಕೊಟ್ಟ. ಆ ತಮಾಷೆ ಇಬ್ಬರೂ ಜೊತೆಗೂಡಿ ನುಡಿಸಿದ ‘ಕಿನ್ಸ್‌ಮೆನ್’ ಆಗಿ 2008ರಲ್ಲಿ ಹೊರಬರಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಮಡಿವಂತರಿಗೂ ಅಕ್ಕತಂಗಿ ಪಂಥದವರಿಗೂ ಕಾಣದೆ ಹೋದದ್ದು ಈ ಕಾಲಾವಧಿಯೇ. ಬೆರೆಯಬಾರದು ಎನ್ನುವವರಿಗೂ, ಬೆರೆತೇ ಇದೆ ಎನ್ನುವವರಿಗೂ ಬೆರೆಯಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆ ಬೇಕಿಲ್ಲ.

ಹುಣಸೂರು, ಪಿರಿಯಾಪಟ್ಟಣದ ರೈತರನ್ನು ಕೇಳಿದರೆ ಅವರು ಹೇಳಿಯಾರು. ಹೊಗೆಸೊಪ್ಪನ್ನು ಬ್ಯಾರನ್ನಿಗೆ ಏರಿಸಿದ ದಿನವೇ ಉರಿ ಜೋರು ಮಾಡಿದರೆ ಎಲೆ ಒಣಗುತ್ತದೆ, ಹಣ್ಣಾಗುವುದಿಲ್ಲ. ಹಸಿರು ಹಾಗೇ ಕೂತುಬಿಡುತ್ತದೆ, ಹರಾಜಿನಲ್ಲಿ ಕೇಳುವವರಿಲ್ಲ. ಮೊದಲು ಸಣ್ಣ ಶಾಖದಲ್ಲಿ ಹಳದಿ ತಿರುಗಬೇಕು. ಅದೇ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಭಾನುವಾರ ಗೋಲ್ಡನ್ ಟೆಂಪಲ್ ಮುಂದೆ ಫೋಟೋ ತೆಗೆಸಿಕೊಳ್ಳುವವರೂ ಇದ್ದಾರೆ, ಆ ನಾಮ್‌ಡ್ರೋಲಿಂಗ್ ಮಠದೊಳಗೆ ಒಂಬತ್ತು ವರ್ಷದ ಅಧ್ಯಯನಕ್ಕೆ ಕೂತ ಭಿಕ್ಷುಗಳೂ ಇದ್ದಾರೆ. ಇಬ್ಬರೂ ‘ಬೈಲಕುಪ್ಪೆಗೆ ಹೋಗಿದ್ದೆ’ ಎನ್ನಬಹುದು. ಬೇಸಿಗೆಯ ಜಾಝ್ ಶಿಬಿರ ಭಾನುವಾರದವರಿಗೆ ಭಿಕ್ಷುವಿನ ಪ್ರಮಾಣಪತ್ರ ಕೊಡುತ್ತಿದೆ ಎಂಬುದಷ್ಟೇ ನನ್ನ ಆಕ್ಷೇಪ.

ಹುಡುಗನಿಗೆ ‘ಜ್ಯೋತಿ’ ಕೇಳಿಸಿದೆ. ‘ತುಂಬಾ ಸ್ಲೋ ಸರ್’ ಎಂದ. ಇರಲಿ, ಅವನಿಗೂ ಕಾಲ ಬೇಕು.

ಆ ಶಿಬಿರಗಳಿಗೆ ಹಣ ಸುರಿಯುವವರಿಗೆ ಮಾತ್ರ ಒಂದು ಸಲಹೆ. ನಮ್ಮ ಹುಡುಗರನ್ನು ಮೂರು ವಾರ ಕರೆಸಿಕೊಳ್ಳುವ ಬದಲು ನಿಮ್ಮವನೊಬ್ಬನನ್ನು ಒಂದು ಇಡೀ ಲಗ್ನಸರಾಯಿಗೆ ಇಲ್ಲಿಗೆ ಕಳಿಸಿ. ಕೆ.ಆರ್. ನಗರದ ಛತ್ರಗಳಲ್ಲಿ ವಾಲಗದವರ ಜೊತೆ ಕೂರಲಿ. ಒಳಗೆ ಪುರೋಹಿತರ ಕೈ ಎದ್ದದ್ದನ್ನು ಇನ್ನೂರು ತಲೆಗಳ ಸಂದಿಯಿಂದ ನೋಡಿ, ಅದೇ ಕ್ಷಣಕ್ಕೆ ಗಟ್ಟಿಮೇಳಕ್ಕೆ ಜಿಗಿಯುವ ಡೋಲಿನವನ ಕಿವಿ, ಕಣ್ಣು, ಕೈ ಹೇಗೆ ಒಂದಾಗಿವೆ ಎಂದು ಪಕ್ಕದಲ್ಲಿದ್ದು ತಿಳಿಯಲಿ. ಆದರೆ ಬಂದ ದಿನವೇ ಲೆಕ್ಕ ಹೇಳಿಕೊಡಿ ಎಂದು ಕೇಳಬಾರದು. ವಾಲಗದ ಮನೆಯ ಮಕ್ಕಳು ಮೊದಲ ವರ್ಷ ಕೂರುವ ಹಾಗೆ ಅವನೂ ಶ್ರುತಿಪೆಟ್ಟಿಗೆ ಹಿಡಿದು ಸುಮ್ಮನೆ ಕೂರಲಿ.