ಕಮಾಬೊಕೊ: ಹಲ್ಲಿನಿಂದ ಕಲಿಯಬೇಕಾದ ರುಚಿ

ಅರೆದ ಮೀನನ್ನು ಹಲಗೆಯ ಮೇಲೆ ಕಟ್ಟಿ ಹಬೆಯಲ್ಲಿ ಬೇಯಿಸುವ ತಿನಿಸು ಕಮಾಬೊಕೊ. ಅದನ್ನು ಕಲಿಸುವ ಜಪಾನಿನ ಒದವಾರಾದ ಕಾರ್ಯಾಗಾರಗಳಿಗೆ ಬರುವ ಬಹಳ ಮಂದಿಗೆ ಬೇಕಿರುವುದು ಏಪ್ರನ್ ತೊಟ್ಟ ಒಂದು ಫೋಟೊ. ಅರೆದ ಮೀನಿನ ಮುದ್ದೆ ಹಲಗೆಯ ಮೇಲೆ ಕೂರುವ ಮೊದಲೇ ಫೋನು ಹೊರಗೆ ಬಂದಿರುತ್ತದೆ. ಬೆಂದ ಮೇಲೆ ಸೋಯಾ ಸಾಸಿನಲ್ಲಿ ಅದ್ದಿ, ಎರಡು ಸಲ ಅಗಿದು, ನುಂಗಿ ಎದ್ದುಬಿಡುತ್ತಾರೆ. ಅವರ ನಾಲಿಗೆಗೆ ಸಿಕ್ಕಿದ್ದು ಸೋಯಾ ಮಾತ್ರ.

ಕಮಾಬೊಕೊದ ಜೀವ ಅದರ ಬಿಗಿಯಲ್ಲಿದೆ. ಅಲ್ಲಿನ ಕಸುಬುದಾರರು ಇದನ್ನು 'ಅಶಿ' ಎನ್ನುತ್ತಾರೆ. ಹಲ್ಲು ಇಳಿಯುವಾಗ ತುಸು ತಡೆದು, ಆಮೇಲೆ ತಟ್ಟನೆ ಕಡಿಯಬೇಕು. ಜಗ್ಗಲೂಬಾರದು, ಉದುರಲೂಬಾರದು. ಇದಕ್ಕಾಗಿಯೇ ಬಿಳಿ ಮೀನಿನ ಮಾಂಸವನ್ನು ತಣ್ಣೀರಿನಲ್ಲಿ ಮತ್ತೆ ಮತ್ತೆ ತೊಳೆದು ಕೊಬ್ಬು, ರಕ್ತ ಕಳೆಯುತ್ತಾರೆ. ಶೇ. 2–3ರಷ್ಟು ಉಪ್ಪು ಸೇರಿಸಿ ಅರೆದಾಗ ಸ್ನಾಯುವಿನ ಪ್ರೋಟೀನು ಕರಗಿ ಅಂಟಾಗುತ್ತದೆ. ಬಿಸಿ ತಾಗಿದಾಗ ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿದಿಡುತ್ತದೆ. ಅರೆಯುವಾಗಲೇ ಮುದ್ದೆ ಬಿಸಿಯಾದರೆ ಪ್ರೋಟೀನು ಕೆಟ್ಟು, ಮುಂದೆ ಎಷ್ಟು ಬೇಯಿಸಿದರೂ ಬಿಗಿ ಬಾರದು. ಬೇಯಿಸುವಾಗಲೂ 60 ಡಿಗ್ರಿಯ ಆಸುಪಾಸಿನಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು. ಮೀನಿನದೇ ಕಿಣ್ವಗಳು ಆ ಹೆಣಿಗೆಯನ್ನು ಕಡಿದುಹಾಕುತ್ತವೆ. ಹಬೆ ಆ ಹಂತವನ್ನು ಬೇಗ ದಾಟಿಸಬೇಕು.

ನನಗೆ ಈ ರುಚಿ ಹತ್ತಿದ್ದು ಒಬ್ಬ ಹಿರಿಯರ ಕೈಕೆಲಸ ಕಂಡ ದಿನ. ಮೊಂಡು ಚೂರಿಯ ಅಗಲದಿಂದ ಮುದ್ದೆಯನ್ನು ಒತ್ತಿ ಎಳೆದು, ಒಳಗಿನ ಗಾಳಿಯನ್ನೆಲ್ಲ ಹೊರಡಿಸಿ, ಪದರದ ಮೇಲೆ ಪದರವಿಟ್ಟು ಕಮಾನು ಕಟ್ಟಿದರು. ಚೂರಿ ಒಮ್ಮೆಯೂ ತಡವರಿಸಲಿಲ್ಲ. ಬೆಂದು ಆರಿದ ಮೇಲೆ ಏನೂ ಹಚ್ಚದೆ ಒಂದು ತುಂಡು ಕೊಟ್ಟರು. ಅಗಿದಷ್ಟೂ ಮೀನಿನ ಸಿಹಿ ಹೊರಬಂತು. ಅಲ್ಲಿಂದಾಚೆಗೆ ಕಾರ್ಯಾಗಾರದಲ್ಲಿ ಆಕಾರ ಚಂದವಾಯಿತೇ ಎಂದು ನಾನು ಕೇಳಿಲ್ಲ. ಕೊಯ್ದ ಮುಖದಲ್ಲಿ ಗಾಳಿಯ ತೂತು ಇದೆಯೇ ಎಂದು ನೋಡುತ್ತೇನೆ.

ಇಂಥದೇ ಮೀನಿನ ಮುದ್ದೆಗೆ ಬಣ್ಣ, ವಾಸನೆ ಸೇರಿಸಿ 1970ರ ದಶಕದಲ್ಲಿ ಪೇಟೆಗೆ ಬಂದ ಏಡಿ ಕಡ್ಡಿಯನ್ನು ತಿಂದು ಜಪಾನಿನ ಮೀನಡುಗೆ ಬಲ್ಲೆ ಎನ್ನುವವರು ಇನ್ನೂ ಶುರುವನ್ನೇ ಮಾಡಿಲ್ಲ. ಅರೆದ ಮೀನಿನ ಬೇರೆ ತಿನಿಸುಗಳೂ ಇವೆ. ಸೆಂದಾಯ್‌ನ ಬಿದಿರೆಲೆ ಆಕಾರದ ಸಾಸಾ ಕಮಾಬೊಕೊ ಕೆಂಡದ ಪರಿಮಳಕ್ಕೆ ಒಳ್ಳೆಯದು. ಕಾಗೊಶಿಮಾದ ಕರಿದ ಸತ್ಸುಮಾ ಅಗೆ ಸಿಹಿ ಮುಂದಾದ ಬೇರೆಯೇ ದಾರಿ. ಕೋಲಿಗೆ ಸುತ್ತಿ ಸುಡುವ ಚಿಕುವಾವನ್ನು ಮಾಡಿದ ಕೂಡಲೇ ಬಿಸಿಯಾಗಿ ತಿನ್ನಿ.

ಹಲಗೆಯ ಕಮಾಬೊಕೊಗೆ ಮಾತ್ರ ಅವಸರ ಬೇಡ. ಚೂರಿಯ ಬೆನ್ನನ್ನು ಹಲಗೆಗೂ ಅದಕ್ಕೂ ನಡುವೆ ತೂರಿಸಿ ಬಿಡಿಸಿ, ಸುಮಾರು 12 ಮಿಲಿಮೀಟರ್ ದಪ್ಪಕ್ಕೆ ಕೊಯ್ಯಿರಿ. ತೆಳುವಾದರೆ ಬಿಗಿ ತಿಳಿಯದು. ಮೊದಲ ತುಂಡನ್ನು ಬರಿದಾಗಿ ತಿನ್ನಿ. ಬೇಕಿದ್ದರೆ ಎರಡನೆಯದಕ್ಕೆ ತುಸು ವಸಾಬಿ ಮುಟ್ಟಿಸಿ.