ಅಸಲು, ಬಡ್ಡಿ, ಗಿಟಾರು

ಹೋದ ತಿಂಗಳು ಐದು ಆಲ್ಬಮ್ ಕೊಂಡೆ. ಎರಡು ಬ್ಲೂಸ್, ಮೂರು ಇಂಡಿ ರಾಕ್. ಎಲ್ಲ ಹಾಡೂ ಫೋನಿನಲ್ಲೇ ಸಿಗುವಾಗ ದುಡ್ಡು ಕೊಟ್ಟು ಆಲ್ಬಮ್ ಯಾಕೆ ಅನ್ನೋ ಮನೆಯವರ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ. ಅದು ಹಳೇ ಜಗಳ, ಬಿಡಿ. ಆದರೆ ಆಫೀಸಿನ ಗೆಳೆಯನೊಬ್ಬ ಕೇಳಿದ ಇನ್ನೊಂದು ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟಿದೆ.

ಸಿಲ್ಕ್ ಬೋರ್ಡ್ ಹತ್ರ ಕಾರು ಎಂದಿನ ಹಾಗೆ ನಿಂತೇ ಇತ್ತು. ಬ್ಲ್ಯಾಕ್ ಕೀಸ್‌ನ 'ಚುಲಹೋಮ' ಹಾಕಿದ್ದೆ. ಅವನು ತಲೆ ಆಡಿಸ್ತಾ ಕೂತಿದ್ದ. ಅದರಲ್ಲಿನ ಒಂದು ಹಾಡು ಮುಗಿದ ಮೇಲೆ ಅದೇ ಹಾಡಿನ ಮೂಲ, ಜೂನಿಯರ್ ಕಿಂಬ್ರೋ ಹಾಡಿದ್ದು, ಹಾಕಿದೆ. ಒಂದು ನಿಮಿಷ ಕೇಳಿ, "ಹಾಗಾದ್ರೆ ನಿನ್ನ ಹೀರೋಗಳು ಇದನ್ನ ಕದ್ದಿದ್ದಾ?" ಅಂದ.

"ಕದ್ದಿಲ್ಲ ಕಣೋ, ಕವರ್ ಮಾಡಿದ್ದಾರೆ. ಹೆಸರು ಹಾಕಿದ್ದಾರಲ್ಲ."

"ಹೆಸರು ಹಾಕಿಬಿಟ್ರೆ ಮುಗೀತಾ?"

ಅಷ್ಟರಲ್ಲಿ ಸಿಗ್ನಲ್ ಬಿಟ್ಟಿತು. ನಾನು ಬಚಾವಾದೆ. ಅವತ್ತು ಕೊಡಬೇಕಿದ್ದ ಉತ್ತರವನ್ನ ಈ ಐದು ಆಲ್ಬಮ್‌ಗಳ ನೆಪದಲ್ಲಿ ಈಗ ಬರೀತಿದ್ದೀನಿ.

ಮೊದಲು ಅಸಲಿನಿಂದ ಶುರು ಮಾಡೋಣ. ಕಿಂಬ್ರೋನ 'ಆಲ್ ನೈಟ್ ಲಾಂಗ್' ಬಂದದ್ದು 1992ರಲ್ಲಿ. ಅದು ಅವನ ಮೊದಲ ಪೂರ್ತಿ ಆಲ್ಬಮ್. ಆಗ ಅವನಿಗೆ 60 ದಾಟಿತ್ತು. ಮಿಸಿಸಿಪ್ಪಿಯ ಉತ್ತರದ ಗುಡ್ಡಗಾಡಿನಲ್ಲಿ ಹಾಲಿ ಸ್ಪ್ರಿಂಗ್ಸ್ ಅಂತ ಒಂದು ಊರು. ಅದರ ಹತ್ತಿರದ ಚುಲಹೋಮದಲ್ಲಿ ಅವನದೇ ಒಂದು ಜ್ಯೂಕ್ ಜಾಯಿಂಟ್ ಇತ್ತು. ಅಂದರೆ ಕಪ್ಪು ಜನ ವಾರದ ದುಡಿಮೆ ಮುಗಿಸಿ ಕುಡಿದು ಕುಣಿಯೋಕೆ ಬರುವ ಜಾಗ. ರೆಕಾರ್ಡಿಂಗ್ ನಡೆದದ್ದೂ ಅಲ್ಲೇ. ಮಾಡಿಸಿದವನು ರಾಬರ್ಟ್ ಪಾಮರ್. ಪಾಪ್ ಹಾಡುಗಾರ ಪಾಮರ್ ಅಲ್ಲ, 'ಡೀಪ್ ಬ್ಲೂಸ್' ಅನ್ನೋ ಪುಸ್ತಕ ಬರೆದ ವಿಮರ್ಶಕ. ಡ್ರಮ್ಸ್‌ಗೆ ಕಿಂಬ್ರೋನ ಮಗ ಕೆನ್ನಿ, ಬೇಸ್ ಗಿಟಾರಿಗೆ ಅದೇ ಸೀಮೆಯ ಇನ್ನೊಬ್ಬ ದೊಡ್ಡ ಹಾಡುಗಾರ ಆರ್. ಎಲ್. ಬರ್ನ್‌ಸೈಡ್‌ನ ಮಗ ಗ್ಯಾರಿ. ಮೂರೇ ಜನ.

ಬ್ಲೂಸ್ ಅಂದರೆ ಮೂರು ಕಾರ್ಡು, ಹನ್ನೆರಡು ಬಾರು, ಕೊನೆಗೊಂದು ತಿರುವು ಅಂತ ಗಿಟಾರ್ ಕ್ಲಾಸಿನಲ್ಲಿ ಹೇಳಿಕೊಡ್ತಾರೆ. ಕಿಂಬ್ರೋ ಹತ್ರ ಆ ಲೆಕ್ಕ ನಡೆಯೋದಿಲ್ಲ. ಒಂದೇ ಕಾರ್ಡಿನ ಸುತ್ತ ಹಾಡು ಸುತ್ತುತ್ತೆ. ಅವನ ಹೆಬ್ಬೆರಳು ಕೆಳಗಿನ ತಂತಿಯನ್ನ ತಂಬೂರಿ ಶ್ರುತಿ ಹಿಡಿದ ಹಾಗೆ ಮೀಟುತ್ತಲೇ ಇರುತ್ತೆ. ಗಂಟಲು ಎಲ್ಲಿಗೆ ಹೋಗುತ್ತೋ ಗಿಟಾರೂ ಅಲ್ಲಿಗೇ ಹೋಗುತ್ತೆ. ಡ್ರಮ್ಸ್ ಒಂದು ಕೂದಲೆಳೆ ಹಿಂದೆ ಬಿದ್ದ ಹಾಗೆ ಕೇಳುತ್ತೆ, ಆದರೆ ಬೀಳೋದಿಲ್ಲ. ಮೊದಲ ಸಲ ಕೇಳಿದಾಗ "ಎಲ್ಲ ಹಾಡೂ ಒಂದೇ ಥರ ಇದೆಯಲ್ಲ" ಅಂತ ನಂಗೂ ಅನ್ನಿಸಿತ್ತು. ಹಳ್ಳಿ ಕಡೆ ರಾತ್ರಿ ಪೂರ್ತಿ ನಡೆಯೋ ಭಜನೆಯಲ್ಲಿ ಕೂತವರಿಗೆ ಇದು ಗೊತ್ತಿರುತ್ತೆ: ಒಂದು ಹೊತ್ತು ಕಳೆದ ಮೇಲೆ ಮುಂದೇನು ಬರುತ್ತೆ ಅಂತ ಕಾಯೋದನ್ನ ಕಿವಿ ಬಿಟ್ಟುಬಿಡುತ್ತೆ. ಆಗ ಹಾಡು ಒಳಗಿಳಿಯುತ್ತೆ.

'ಡನ್ ಗಾಟ್ ಓಲ್ಡ್' ಅಂತ ಒಂದು ಹಾಡಿದೆ. ವಯಸ್ಸಾಯ್ತು, ಮೊದಲು ಮಾಡ್ತಿದ್ದದ್ದನ್ನ ಈಗ ಮಾಡೋಕಾಗಲ್ಲ ಅನ್ನೋದಿಷ್ಟೇ ಅದರ ವಿಷಯ. ಅನುಕಂಪ ಕೇಳದೆ, ಲೆಕ್ಕ ಒಪ್ಪಿಸಿದ ಹಾಗೆ ಹಾಡ್ತಾನೆ. ಬಡ್ಡಿ ಗೈನಂಥ ಬಡ್ಡಿ ಗೈ 2001ರಲ್ಲಿ 'ಸ್ವೀಟ್ ಟೀ' ಆಲ್ಬಮ್ಮನ್ನ ಈ ಹಾಡಿನಿಂದಲೇ ಶುರು ಮಾಡಿದ. ಹಾಗಂತ ಇಲ್ಲಿರೋದೆಲ್ಲ ಚಿನ್ನ ಅಂತ ಹೇಳೋದಿಲ್ಲ. 'ಯೂ ಬೆಟರ್ ರನ್' ಹಾಡಿನಲ್ಲಿ ಅತ್ಯಾಚಾರದ ಬೆದರಿಕೆಯನ್ನ ತಮಾಷೆಯ ಕಥೆ ಥರ ಹೇಳ್ತಾನೆ. ಅದನ್ನ ನಾನು ಪ್ರತಿ ಸಲ ಹಾರಿಸಿಬಿಡ್ತೀನಿ. ಮಹಾನ್ ಕಲಾವಿದ, ಅಪ್ಪಟ ಜನಪದ ಅಂತೆಲ್ಲ ಹೇಳಿ ಅದರ ಮೇಲೆ ಚಾಪೆ ಮುಚ್ಚೋದು ಬೇಡ.

ಕಿಂಬ್ರೋ 1998ರಲ್ಲಿ ತೀರಿಕೊಂಡ. 2000ದಲ್ಲಿ ಆ ಜ್ಯೂಕ್ ಜಾಯಿಂಟ್ ಸುಟ್ಟುಹೋಯಿತು.

ಈಗ ಬಡ್ಡಿಯ ಲೆಕ್ಕಕ್ಕೆ ಬರೋಣ. ಬ್ಲ್ಯಾಕ್ ಕೀಸ್ ಅಂದರೆ ಓಹಾಯೋದ ಏಕ್ರನ್ ಊರಿನ ಇಬ್ಬರು: ಹಾಡು ಮತ್ತು ಗಿಟಾರಿಗೆ ಡ್ಯಾನ್ ಔರ್‌ಬಾಕ್, ಡ್ರಮ್ಸ್‌ಗೆ ಪ್ಯಾಟ್ರಿಕ್ ಕ್ಯಾರ್ನಿ. 2002ರ ಅವರ ಮೊದಲ ಆಲ್ಬಮ್ಮಿನಲ್ಲೇ ಕಿಂಬ್ರೋನ ಹಾಡಿತ್ತು. 2006ರ 'ಚುಲಹೋಮ' ಪೂರ್ತಿ ಅವನದೇ: ಆರು ಹಾಡು, ಕೊನೆಯಲ್ಲಿ ಕಿಂಬ್ರೋನ ಹೆಂಡತಿ ಫೋನಿನಲ್ಲಿ ಬಿಟ್ಟ ಒಂದು ಸಂದೇಶ. ಅವನ ಥರ ನುಡಿಸೋರು ನೀವೇ ಅಂತ ಆಕೆ ಮೆಚ್ಚಿಕೊಳ್ತಾರೆ.

ಆ ಸಂದೇಶ ಮೊದಲು ಕೇಳಿದಾಗ ಕಣ್ಣು ಒದ್ದೆಯಾಗಿತ್ತು. ಈ ಸಲ ಸ್ವಲ್ಪ ಕಸಿವಿಸಿಯೂ ಆಯ್ತು. ಮನೆಯವರ ಆಶೀರ್ವಾದವನ್ನ ಆಲ್ಬಮ್ಮಿಗೇ ಅಂಟಿಸಿದ ಮೇಲೆ ಕೇಳೋರು ತಕರಾರು ತೆಗೆಯೋದಾದರೂ ಹೇಗೆ? ಆದರೆ ಸಂಗೀತದ ಬಗ್ಗೆ ತಕರಾರು ಇದೆ. 'ಮೀಟ್ ಮಿ ಇನ್ ದ ಸಿಟಿ'ಯನ್ನ ಇಬ್ಬರೂ ಜೋಗುಳದಷ್ಟು ಮೆತ್ತಗೆ ನುಡಿಸಿದ್ದಾರೆ. ಚೆನ್ನಾಗಿದೆ, ಮತ್ತೆ ಮತ್ತೆ ಕೇಳ್ತೀನಿ. 'ನೋಬಡಿ ಬಟ್ ಯೂ'ನಲ್ಲಿ ಔರ್‌ಬಾಕ್‌ನ ಗಿಟಾರು ಸರಿಯಾಗಿ ಗುಡುಗುತ್ತೆ. ಆದರೆ ಆಲ್ಬಮ್ ಉದ್ದಕ್ಕೂ ಒಂದು ಭಯಭಕ್ತಿ ಇದೆ, ದೇವಸ್ಥಾನದಲ್ಲಿ ದನಿ ತಗ್ಗಿಸಿ ಮಾತಾಡಿದ ಹಾಗೆ. ಕಿಂಬ್ರೋನ ಹಾಡು ಕುಣಿಯೋರಿಗೆ ಅಂತ ಹುಟ್ಟಿದ್ದು. ಇವರದ್ದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತ ನನ್ನಂಥವರಿಗೆ. ಬೇಸ್ ಗಿಟಾರ್ ಬಿಟ್ಟಿದ್ದರಿಂದ ಹಾಡಿನ ಸೊಂಟವೇ ಮಾಯ.

ಇಲ್ಲಿಗೆ ಬಂದಾಗಲೇ ಗೆಳೆಯನ ಪ್ರಶ್ನೆ ನಿಜವಾಗಿ ಚುಚ್ಚಿದ್ದು. ಅಮೆರಿಕದ ಕಾನೂನಿನ ಪ್ರಕಾರ ಒಮ್ಮೆ ರೆಕಾರ್ಡ್ ಆಗಿ ಹೊರಬಂದ ಹಾಡನ್ನ ಯಾರು ಬೇಕಾದರೂ ಮತ್ತೆ ರೆಕಾರ್ಡ್ ಮಾಡಬಹುದು. ನಿಗದಿಯಾದ ರಾಯಲ್ಟಿ ಕೊಟ್ಟರಾಯ್ತು. ಆ ದುಡ್ಡು ಹೋಗೋದು ಹಾಡು ಬರೆದವನಿಗೆ, ಪ್ರಕಾಶಕನಿಗೆ. ಬರವಣಿಗೆ ಅಂದರೆ ರಾಗ ಮತ್ತು ಸಾಹಿತ್ಯ. ಹಿಂದೆ ಬಿದ್ದೂ ಬೀಳದ ಆ ಕೆನ್ನಿಯ ಡ್ರಮ್ಸ್ ಇದೆಯಲ್ಲ, ಗ್ಯಾರಿಯ ಬೇಸ್ ಇದೆಯಲ್ಲ, ಅದು ಕಾನೂನಿನ ಕಣ್ಣಿಗೆ ಹಾಡೇ ಅಲ್ಲ. ಅದಕ್ಕೆ ಯಾರೂ ಏನೂ ಕೊಡಬೇಕಾಗಿಲ್ಲ. ಕಿಂಬ್ರೋನ ಸಂಗೀತದಲ್ಲಿ ಸಾಹಿತ್ಯ ನಾಲ್ಕು ಸಾಲು, ರಾಗ ಅಂಗೈ ಅಗಲ, ಉಳಿದದ್ದೆಲ್ಲ ನಡೆ. ಅಸಲೇ ಲೆಕ್ಕದ ಪುಸ್ತಕದಲ್ಲಿ ಇಲ್ಲದಿದ್ದರೆ ಬಡ್ಡಿ ಕಟ್ಟೋದು ಯಾವುದಕ್ಕೆ?

ಹೆಸರನ್ನೂ ಹಾಕದೆ ಜೇಬಿಗಿಳಿಸಿದ ಕಾಲ ಇತ್ತು ಅನ್ನೋದನ್ನ ಮರೆಯಬಾರದು. ಲೆಡ್ ಜೆಪ್ಲಿನ್‌ನ 1969ರ 'ಹೋಲ್ ಲಾಟಾ ಲವ್' ಹಾಡಿನಲ್ಲಿ ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ ಹಾಡಿದ್ದ ಹಾಡಿನ ಭಾಗಗಳಿದ್ದವು. ಡಿಕ್ಸನ್ ಕೋರ್ಟಿಗೆ ಹೋಗಿದ್ದು 1985ರಲ್ಲಿ, ರಾಜಿಯಾಗಿದ್ದು 1987ರಲ್ಲಿ. ಆ ಚರಿತ್ರೆಯ ಪಕ್ಕದಲ್ಲಿಟ್ಟರೆ 'ಚುಲಹೋಮ' ಪ್ರಾಮಾಣಿಕ ಆಲ್ಬಮ್. ಪ್ರಾಮಾಣಿಕ ಅನ್ನೋದು ಮೊದಲ ಮೆಟ್ಟಿಲು, ಅಷ್ಟೇ.

ಎರಡನೇ ಮೆಟ್ಟಿಲಿಗೆ ಇವರೇ ಹದಿನೈದು ವರ್ಷದ ಮೇಲೆ ಕಾಲಿಟ್ಟರು. 2021ರ 'ಡೆಲ್ಟಾ ಕ್ರೀಮ್'ನಲ್ಲೂ ಎಲ್ಲವೂ ಬೇರೆಯವರ ಹಾಡುಗಳೇ, ಹೆಚ್ಚಿನವು ಅದೇ ಗುಡ್ಡಗಾಡಿನವು. ಈ ಸಲ ಇಬ್ಬರನ್ನ ಜತೆಗೆ ಕರೆದರು: ಬರ್ನ್‌ಸೈಡ್ ಜತೆ ದಶಕಗಟ್ಟಲೆ ಗಿಟಾರು ನುಡಿಸಿದ ಕೆನ್ನಿ ಬ್ರೌನ್, ಕಿಂಬ್ರೋ ಜತೆ ನುಡಿಸಿದ್ದ ಬೇಸ್ ವಾದಕ ಎರಿಕ್ ಡೀಟನ್. ನ್ಯಾಶ್ವಿಲ್‌ನ ಔರ್‌ಬಾಕ್‌ನ ಸ್ಟುಡಿಯೋದಲ್ಲಿ ಎರಡು ಮಧ್ಯಾಹ್ನಗಳಲ್ಲಿ ಕೆಲಸ ಮುಗಿಸಿದರಂತೆ. ಕೇಳಿದರೆ ಗೊತ್ತಾಗುತ್ತೆ. 'ಸ್ಟೇ ಆಲ್ ನೈಟ್' ಅವಸರವೇ ಇಲ್ಲದೆ ನಡೆಯುತ್ತೆ. ಸೊಂಟ ವಾಪಸ್ ಬಂದಿದೆ. ಬ್ರೌನ್‌ನ ಸ್ಲೈಡ್ ಗಿಟಾರು ಹಾಡಿನ ಒಳಗೆ ಹೊರಗೆ ಓಡಾಡೋದು ಸ್ವಂತ ಹಿತ್ತಲಲ್ಲಿ ಓಡಾಡಿದ ಹಾಗಿದೆ. ಔರ್‌ಬಾಕ್ ಮುಂದೆ ನುಗ್ಗದೆ ಅವನಿಗೆ ದಾರಿ ಬಿಡ್ತಾನೆ. ನನ್ನ ಮಟ್ಟಿಗೆ ಇದು 'ಚುಲಹೋಮ'ಕ್ಕಿಂತ ಒಳ್ಳೆಯ ಆಲ್ಬಮ್. ನುಡಿಸೋ ನಡೆ ಗೊತ್ತಿದ್ದವರನ್ನ ಕರೆದು ಕೂರಿಸಿ ಕೂಲಿ ಕೊಟ್ಟರಲ್ಲ, ಕಾನೂನು ಕೇಳದ ಬಡ್ಡಿ ಅದೇ.

ಆದರೂ ಪೂರ್ತಿ ಖುಷಿಯಿಲ್ಲ. ಹನ್ನೊಂದು ಹಾಡೂ ಒಂದೇ ಹದದಲ್ಲಿ ಬೆಂದಿವೆ. ಮೂಲದಲ್ಲಿರೋ ಅಪಾಯ, ಈ ಕುಣಿತ ಇನ್ನೇನು ಹೊಡೆದಾಟ ಆಗಬಹುದು ಅನ್ನೋ ದಿಗಿಲು, ಏಸಿ ರೂಮಿನಲ್ಲಿ ಇಂಗಿಹೋಗಿದೆ. ಇನ್ನೊಂದು ಮಾತು: ಬ್ರೌನ್, ಡೀಟನ್ ಇಬ್ಬರೂ ಬಿಳಿಯರೇ. ಅವರು ಆ ಅಜ್ಜಂದಿರ ಪಕ್ಕದಲ್ಲೇ ಕೂತು ಕಲಿತವರು, ಅವರ ಹಕ್ಕನ್ನ ನಾನು ಪ್ರಶ್ನೆ ಮಾಡ್ತಿಲ್ಲ. ಆದರೆ 'ಆಲ್ ನೈಟ್ ಲಾಂಗ್' ಕೇಳಿದ ಮೇಲೆ ಆ ಡ್ರಮ್ಸ್ ನುಡಿಸಿದ ಮಗ ಇಲ್ಲಿಲ್ಲವಲ್ಲ ಅನ್ನೋದು ಕಿವಿಗೆ ಹೊಳೆಯದೇ ಇರೋದಿಲ್ಲ.

ಉಳಿದ ಎರಡು ಆಲ್ಬಮ್ ಈ ಕಥೆಯನ್ನ ಉಲ್ಟಾ ಹೇಳ್ತವೆ. ಸನ್ ಹೌಸ್ 1930ರಲ್ಲಿ ವಿಸ್ಕಾನ್ಸಿನ್‌ನ ಗ್ರಾಫ್ಟನ್‌ಗೆ ಹೋಗಿ ಪ್ಯಾರಮೌಂಟ್ ಕಂಪನಿಗೆ ಕೆಲವು ಹಾಡು ಹಾಡಿದ. ಆ ಕಂಪನಿ ನಡೆಸ್ತಿದ್ದದ್ದು ಕುರ್ಚಿ ಮಾಡೋರು. ಗ್ರಾಮಫೋನ್ ಪೆಟ್ಟಿಗೆ ಮಾಡ್ತಾ ಮಾಡ್ತಾ ರೆಕಾರ್ಡ್ ವ್ಯಾಪಾರಕ್ಕೂ ಇಳಿದಿದ್ದರು. ಆ ರೆಕಾರ್ಡುಗಳು ಹೆಚ್ಚು ಓಡಲಿಲ್ಲ. 1964ರಲ್ಲಿ ಕೆಲವು ಬಿಳಿ ಹುಡುಗರು ಅವನನ್ನ ಹುಡುಕಿಕೊಂಡು ಹೋದಾಗ ಅವನು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿದ್ದ. ಗಿಟಾರು ಬಿಟ್ಟು ವರ್ಷಗಳಾಗಿತ್ತು. ಆಗ ಆಲ್ ವಿಲ್ಸನ್ ಅನ್ನೋ ಹುಡುಗ (ಮುಂದೆ ಕ್ಯಾನ್ಡ್ ಹೀಟ್ ಬ್ಯಾಂಡ್ ಕಟ್ಟಿದವರಲ್ಲೊಬ್ಬ) ಎದುರು ಕೂತು, ಹಳೇ ರೆಕಾರ್ಡುಗಳಿಂದ ತಾನು ಕಲಿತದ್ದನ್ನ ನುಡಿಸಿ ತೋರಿಸಿ, ಸನ್ ಹೌಸ್‌ಗೆ ಅವನದೇ ಹಾಡುಗಳನ್ನ ನೆನಪು ಮಾಡಿಕೊಟ್ಟ. ಸಾಲ ತಗೊಂಡವನೇ ಸಾಲ ಕೊಟ್ಟವನ ಮನೆಗೆ ಹೋಗಿ ಅಸಲು ಒಪ್ಪಿಸಿದ್ದು ಇದೊಂದೇ ಸಲ ಇರಬೇಕು.

ಅದರ ಫಲ 1965ರ 'ಫಾದರ್ ಆಫ್ ಫೋಕ್ ಬ್ಲೂಸ್'. ಇದರಲ್ಲಿನ 'ಡೆತ್ ಲೆಟರ್' ಕೇಳದೆ ಬ್ಲೂಸ್ ಬಗ್ಗೆ ಮಾತಾಡಬೇಡಿ. ಪ್ರೀತಿಸಿದವಳು ಸತ್ತಳು ಅಂತ ಕಾಗದ ಬರುತ್ತೆ, ಅವನು ಹೋಗಿ ನೋಡ್ತಾನೆ. ಕಥೆ ಇಷ್ಟೇ. ಅವನು ತಂತಿಯನ್ನ ಮೀಟೋದಿಲ್ಲ, ಬಡೀತಾನೆ. ಆ ಬಡಿತದಲ್ಲಿ ಅಳು ಇಲ್ಲ. ಸುದ್ದಿ ಕೇಳಿದ ಮೇಲೂ ಮುಂದಿನ ಕೆಲಸ ಮಾಡಲೇಬೇಕಾದ ಮನುಷ್ಯನ ಮರಗಟ್ಟಿದ ಕೈ ಇದೆ. 'ಗ್ರಿನ್ನಿನ್ ಇನ್ ಯುವರ್ ಫೇಸ್'ನಲ್ಲಿ ಗಿಟಾರೂ ಇಲ್ಲ, ಬರೀ ಗಂಟಲು, ಚಪ್ಪಾಳೆ. ಜ್ಯಾಕ್ ವೈಟ್ ತನ್ನ ಅತಿ ಇಷ್ಟದ ಹಾಡು ಅಂತ ಹೇಳಿಕೊಂಡಿದ್ದು ಇದನ್ನೇ.

ಅದೇ ಜ್ಯಾಕ್ ವೈಟ್ ಮತ್ತು ಮೆಗ್ ವೈಟ್‌ರ ವೈಟ್ ಸ್ಟ್ರೈಪ್ಸ್, 2000ದ 'ಡಿ ಸ್ಟೈಲ್'ನಲ್ಲಿ 'ಡೆತ್ ಲೆಟರ್' ಹಾಡಿದರು. ಡೆಟ್ರಾಯಿಟ್‌ನ ಮನೆಯಲ್ಲೇ ಎಂಟು ಟ್ರ್ಯಾಕಿನ ಮಷೀನಿನಲ್ಲಿ ರೆಕಾರ್ಡ್ ಮಾಡಿದ್ದು. ಭಕ್ತಿಯ ವಿಷಯದಲ್ಲಿ ಇದು 'ಚುಲಹೋಮ'ಕ್ಕೆ ನೇರ ವಿರುದ್ಧ. ಜ್ಯಾಕ್ ಕಿರುಚುತ್ತಾನೆ, ಆತುರ ಪಡ್ತಾನೆ, 60 ದಾಟಿದ ಮುದುಕನ ಹಾಡನ್ನ ಪಕ್ಕದ ಮನೆ ಹುಡುಗನ ಸಿಟ್ಟಿನಲ್ಲಿ ಹಾಡ್ತಾನೆ. ಮೆಗ್‌ಗೆ ಡ್ರಮ್ಸ್ ಬರಲ್ಲ ಅಂತ ಆಡಿಕೊಳ್ಳೋರು ಈ ಹಾಡು ಕೇಳಬೇಕು. ಅವಳು ಏನನ್ನೂ ಅಲಂಕಾರ ಮಾಡೋದಿಲ್ಲ, ಬಾಗಿಲು ಬಡಿದ ಹಾಗೆ ಬಡೀತಾಳೆ. ಸನ್ ಹೌಸ್‌ನ ಹಸ್ತದ ಕೆಲಸವನ್ನ ಅವಳ ಡ್ರಮ್ಸ್ ಮಾಡುತ್ತೆ. ಮೂಲದ ನಕಲು ಮಾಡದೆ, ಮೂಲ ತನಗೆ ಏನು ಮಾಡಿತು ಅನ್ನೋದನ್ನ ಹಾಡಿದ್ದಾರೆ. ಮುಂದೆ 2004ರಲ್ಲಿ ಗ್ರ್ಯಾಮಿ ವೇದಿಕೆಯಲ್ಲಿ ತಮ್ಮ ಅತಿ ದೊಡ್ಡ ಹಿಟ್ 'ಸೆವೆನ್ ನೇಷನ್ ಆರ್ಮಿ' ಜತೆ ಇದನ್ನೂ ಸೇರಿಸಿ ನುಡಿಸಿದರು. ಅವತ್ತು ಕೂತಿದ್ದವರಲ್ಲಿ ಎಷ್ಟು ಜನಕ್ಕೆ ಸನ್ ಹೌಸ್ ಗೊತ್ತಿದ್ದನೋ. 2013ರಲ್ಲಿ ಜ್ಯಾಕ್‌ನ ಥರ್ಡ್ ಮ್ಯಾನ್ ಕಂಪನಿ, ರೆವೆನಂಟ್ ಕಂಪನಿ ಜತೆ ಸೇರಿ, ಪ್ಯಾರಮೌಂಟ್‌ನ 800 ಹಾಡುಗಳನ್ನ ಓಕ್ ಮರದ ಪೆಟ್ಟಿಗೆಯಲ್ಲಿಟ್ಟು 400 ಡಾಲರಿಗೆ ಮಾರಿತು. ಕುರ್ಚಿ ಕಂಪನಿಯ ಹಾಡು ಮತ್ತೆ ಮರದ ಪೆಟ್ಟಿಗೆಗೇ ಬಂದವು. ಅದು ಋಣ ತೀರಿಸಿದ್ದೋ, ಶ್ರೀಮಂತರ ಶೋಕೇಸಿಗೆ ಸಾಮಾನು ಮಾಡಿದ್ದೋ? ಎರಡೂ ಹೌದು ಅನ್ಸುತ್ತೆ.

ಈಗ ಗೆಳೆಯನಿಗೆ ಉತ್ತರ. ಇಲ್ಲಪ್ಪಾ, ಹೆಸರು ಹಾಕಿದ ಮಾತ್ರಕ್ಕೆ ಮುಗಿಯೋದಿಲ್ಲ. ಹೆಸರು ಹಾಕೋದು ಕನಿಷ್ಠ ಮರ್ಯಾದೆ. ನುಡಿಸಿದವರನ್ನ ಪಕ್ಕದಲ್ಲಿ ಕೂರಿಸೋದು ಅದಕ್ಕಿಂತ ದೊಡ್ಡದು. ಇವೆರಡರ ಆಚೆಗೆ, ಆ ಹಾಡನ್ನ ಮತ್ತೆ ಹಾಡೋಕೆ ನಿನಗೊಂದು ಕಾರಣ ಇರಬೇಕು. 'ಚುಲಹೋಮ'ದಲ್ಲಿ ಮೊದಲನೆಯದಿದೆ, 'ಡೆಲ್ಟಾ ಕ್ರೀಮ್'ನಲ್ಲಿ ಮೊದಲ ಎರಡಿವೆ, 'ಡಿ ಸ್ಟೈಲ್'ನ ಆ ಒಂದು ಹಾಡಿನಲ್ಲಿ ಮೂರನೆಯದಿದೆ. ಮೂರೂ ಒಟ್ಟಿಗೆ ಇರೋ ಆಲ್ಬಮ್ ನನ್ನ ಕಪಾಟಿನಲ್ಲಿ ಇನ್ನೂ ಇಲ್ಲ.

ನೀವು ಇವುಗಳಲ್ಲಿ ಒಂದೇ ಒಂದು ಕೊಳ್ಳೋದಾದರೆ ಸನ್ ಹೌಸ್ ತಗೊಳ್ಳಿ. ಎರಡಾದರೆ ಕಿಂಬ್ರೋನೂ ಸೇರಿಸಿ. ಬ್ಲ್ಯಾಕ್ ಕೀಸ್ ನಂಗೆ ಈಗಲೂ ಇಷ್ಟ. ಈ ಅಜ್ಜಂದಿರ ಮನೆ ದಾರಿ ತೋರಿಸಿದ್ದೇ ಅವರು. ಆದರೆ ದಾರಿ ತೋರಿಸಿದವರ ಮನೆಯಲ್ಲೇ ಊಟ ಮುಗಿಸಿ ವಾಪಸ್ ಬಂದುಬಿಟ್ಟರೆ ಹೋದದ್ದು ದಂಡ. ಗೆಳೆಯ ಮೊನ್ನೆ 'ಆಲ್ ನೈಟ್ ಲಾಂಗ್' ಕೇಳಿ ಇಸ್ಕೊಂಡು ಹೋದ. ಇನ್ನೂ ವಾಪಸ್ ಕೊಟ್ಟಿಲ್ಲ.