ಕಲ್ಯಾಣದ ಸೊಸೆ, ಬೆಳವಡಿಯ ಮಲ್ಲಮ್ಮ

ಉಲ್ಹಾಸ ನದಿಯ ಖಾಡಿಯ ದಡದಲ್ಲಿ ನಿಂತ ದುರ್ಗಾಡಿ ಕೋಟೆಯ ಸುತ್ತಣ ಸೀಮೆಯಲ್ಲಿ, ಠಾಣೆಯಿಂದ ಕಲ್ಯಾಣದವರೆಗೆ, ತಲೆಮಾರುಗಳಿಂದ ಜನರ ಬಾಯಲ್ಲಿ ಉಳಿದುಬಂದ ಕಥೆಯೊಂದುಂಟು: 1657ರಲ್ಲಿ ಕಲ್ಯಾಣವು ವಿಜಾಪುರದ ಆದಿಲಶಾಹಿಯ ಕೈಜಾರಿದಾಗ, ಶಿವಾಜಿಯ ಅಧಿಕಾರಿ ಆಬಾಜಿ ಸೋನದೇವನು ಅಲ್ಲಿಯ ಸುಭೇದಾರನ ಲಾವಣ್ಯವತಿಯಾದ ಸೊಸೆಯನ್ನು ತನ್ನ ಒಡೆಯನಿಗೆ ಕಾಣಿಕೆಯಾಗಿ ತಂದೊಪ್ಪಿಸಲು, ಆತನು ಆಕೆಯಲ್ಲಿ ಮಾತೃರೂಪವನ್ನೇ ಭಾವಿಸಿ, ಉಡುಗೊರೆಗಳನ್ನಿತ್ತು ಸಗೌರವವಾಗಿ ಹಿಂದಿರುಗಿಸಿದನಂತೆ.

ಸಮಕಾಲೀನ ದಾಖಲೆಗಳ ಆಧಾರ ಇದಕ್ಕಿಲ್ಲ. ಉತ್ತರಕಾಲದ ಬಖರುಗಳೇ, ಎಂದರೆ ಮರಾಠಿ ಗದ್ಯ ಇತಿವೃತ್ತಗಳೇ, ಇದರ ನೆಲೆ. ಆದರೂ, ಗೆದ್ದವನು ಸೋತವನ ಮನೆಯ ಹೆಣ್ಣನ್ನು ಕೊಳ್ಳೆಯ ಒಡವೆಯೆಂದೇ ಎಣಿಸುತ್ತಿದ್ದ ಕಾಲದ ಅರಸನೊಬ್ಬನ ಹಿರಿಮೆಯನ್ನು, ಆತನು ಗೆದ್ದ ಕೋಟೆಗಳಿಂದಲ್ಲದೆ ಆತನು ಮುಟ್ಟದೆ ಬಿಟ್ಟದ್ದರಿಂದ ಅಳೆಯುವ ಒಂದು ಸಂಸ್ಕೃತಿಯ ಅಂತಃಕರಣಕ್ಕೆ ಇದು ಸಾಕ್ಷಿಯಾಗಿದೆ. ಸಾವರ್ಕರರು 'ಸಹಾ ಸೋನೇರಿ ಪಾನೇ' ಗ್ರಂಥದಲ್ಲಿ ಈ ಔದಾರ್ಯವನ್ನು ಸದ್ಗುಣದ ವಿಕೃತಿಯೆಂದು ಖಂಡಿಸಿದರು. ಆ ವಾದವನ್ನು ನಾನು ಸರ್ವಥಾ ಒಪ್ಪಲಾರೆ. ಶತ್ರುವಿನ ಅಪರಾಧಕ್ಕೆ ಆತನ ಸೊಸೆಯನ್ನು ಹೊಣೆಮಾಡುವ ಪೌರುಷವು ಪೌರುಷವೇ ಅಲ್ಲ.

ನನ್ನ ಆಕ್ಷೇಪ ಬೇರೆಯದು. ಕಥೆಯ ಉದ್ದಕ್ಕೂ ಆ ಹೆಣ್ಣು ಮಾತಾಡುವುದಿಲ್ಲ. ಒಬ್ಬನು ತರುತ್ತಾನೆ, ಮತ್ತೊಬ್ಬನು ಕಳುಹಿಸುತ್ತಾನೆ. ಸಂಯಮವು ಇಲ್ಲಿ ಪ್ರಭುವಿನ ಅನುಗ್ರಹವೇ ಹೊರತು ಆಕೆಯ ಹಕ್ಕಲ್ಲ. ಅನುಗ್ರಹಶೀಲನಲ್ಲದವನು ಆ ಪೀಠವನ್ನೇರಿದರೆ ಆಕೆಯ ಗತಿಯೇನೆಂಬ ಪ್ರಶ್ನೆಯನ್ನು ಕಥೆ ಕೇಳುವುದಿಲ್ಲ.

ಈ ಪ್ರಶ್ನೆಗೆ ಉತ್ತರವು ಕನ್ನಡನಾಡಿನ ಸ್ಮೃತಿಯಲ್ಲಿದೆ. ದಕ್ಷಿಣ ದಿಗ್ವಿಜಯದಿಂದ ಮರಳುತ್ತಿದ್ದ ಅದೇ ಶಿವಾಜಿಯ ಸೈನ್ಯವನ್ನು ಬೆಳವಡಿ ಸಂಸ್ಥಾನದ ಮಲ್ಲಮ್ಮ ದೇಸಾಯಿ ಎದುರಿಸಿ ತಡೆದಳು. ಆ ಸೈನ್ಯವು ಒಬ್ಬ ಹೆಣ್ಣಿನಿಂದ ಅವಮಾನಿತವಾದ ಸುದ್ದಿಯು ರಾಜಾಪುರದ ಇಂಗ್ಲಿಷ್ ಕೋಠಿಯವರ 1678ರ ಪತ್ರದಲ್ಲಿಯೂ ಕಾಣಿಸುತ್ತದೆ. ಕೊನೆಗೆ ಸೋತು ಸೆರೆಸಿಕ್ಕ ಆಕೆಗೆ ಅಪಚಾರವೆಸಗಿದ ತನ್ನ ಸೇನಾನಿ ಸಖೂಜಿ ಗಾಯಕವಾಡನನ್ನು ಶಿವಾಜಿ ಕಠೋರವಾಗಿ ಶಿಕ್ಷಿಸಿದನೆಂದೂ, ಆಕೆಯ ಸಂಸ್ಥಾನವನ್ನು ಆಕೆಗೇ ಬಿಟ್ಟುಕೊಟ್ಟನೆಂದೂ ಪರಂಪರೆ ಹೇಳುತ್ತದೆ. ಧಾರವಾಡದ ಸಮೀಪದ ಯಾದವಾಡದಲ್ಲಿರುವ ಶಿವಾಜಿಯ ಶಿಲ್ಪವು ಆಕೆಯೇ ಕಡೆಸಿದ್ದೆಂಬ ಪ್ರತೀತಿಯಿದೆ. ಅರಸನ ಧರ್ಮಬುದ್ಧಿ ಇಲ್ಲಿಯೂ ಅದೇ. ಆದರೆ ಅದನ್ನು ಎಚ್ಚರಿಸಿದ್ದು ಮಲ್ಲಮ್ಮನ ಖಡ್ಗ, ಮತ್ತು ಆತನ ಯೋಗ್ಯತೆಯನ್ನು ಒರೆಗೆ ಹಚ್ಚಿ, ಮೆಚ್ಚಿ, ಕಲ್ಲಿನಲ್ಲಿ ನಿಲ್ಲಿಸಿದವಳು ಎದುರಾಳಿಯಾಗಿದ್ದ ಆಕೆಯೇ.

ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲಸಿ, ಕನ್ನಡ, ಮರಾಠಿ ಎರಡೂ ಭಾಷೆಗಳಲ್ಲಿ ಮಕ್ಕಳಿಗೆ ಕಥೆ ಹೇಳಬಲ್ಲ ಕನ್ನಡಿಗರು ಈ ಎರಡು ವೃತ್ತಾಂತಗಳನ್ನೂ ಒಂದೇ ಉಸಿರಿನಲ್ಲಿ ಹೇಳಬೇಕೆಂಬುದು ನನ್ನ ಹಂಬಲ. ಮಲ್ಲಮ್ಮನ ಕಥೆಯನ್ನು ಕೇಳಿಬಲ್ಲ ಮಗುವು ಕಲ್ಯಾಣದ ಆ ಸೊಸೆ ಏನೆಂದಳೆಂದು ತಾನಾಗಿಯೇ ವಿಚಾರಿಸೀತು.